ಕಿಟಕಿ ಮೇಲಿನ ಇಟ್ಟಿಗೆಯನ್ನು ಹೊತ್ತವರು ಯಾರು?

ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಿ ಒಂದು ಬಗೆಯ ಮನೆ ಈಗ ಎದ್ದು ಕಾಣುತ್ತೆ. ಹೊರಗೋಡೆಗೆ ಪ್ಲಾಸ್ಟರಿಲ್ಲ, ಪೇಂಟಿಲ್ಲ, ಕೆಂಪಗೆ ವೈರ್‌ಕಟ್ ಇಟ್ಟಿಗೆ ಮಾತ್ರ. ಹಾಲ್‌ಗೆ ಹತ್ತಡಿ ಅಗಲದ ಗಾಜು, ಕೆಲವು ಕಡೆ ಮೂಲೆಯಲ್ಲಿ ಕಂಬವೇ ಇಲ್ಲದೆ ಎರಡೂ ಬದಿಗೆ ತಿರುಗುವ ಕಿಟಕಿ. ಆ ಗಾಜಿನ ಮೇಲೆ ಮತ್ತೆ ನಾಲ್ಕಡಿ ಇಟ್ಟಿಗೆ. ಓನರ್ ಇಷ್ಟಪಟ್ಟು, ಆರ್ಕಿಟೆಕ್ಟ್ ಹತ್ತಿರ ಕೂತು ಬರೆಸಿಕೊಂಡ ಮನೆಗಳಿವು, ರೆಡಿಮೇಡ್ ಪ್ಲಾನ್ ಅಲ್ಲ. ನೋಡೋಕೆ ಚೆಂದ. ಆದರೆ ಸಿವಿಲ್ ಓದುವ ನಮಗೆ ಒಂದು ಪ್ರಶ್ನೆ ಬರಲೇಬೇಕು: ಆ ನಾಲ್ಕಡಿ ಇಟ್ಟಿಗೆ ಯಾವುದರ ಮೇಲೆ ಕೂತಿದೆ? ಗಾಜಿನ ಮೇಲಂತೂ ಅಲ್ಲ.

ಹಳೇ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕಣ್ಣೆದುರಿಗೇ ಇರುತ್ತಿತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಅದರ ಮೇಲೆ ಕಮಾನು ಇಲ್ಲವೇ ಒಂದು ಕಲ್ಲಿನ ಚಪ್ಪಡಿ. ಭಾರ ಹೊರುವುದೂ ಗೋಡೆಯೇ, ಕಾಣುವುದೂ ಗೋಡೆಯೇ. ಈಗಿನ ಮನೆಯಲ್ಲಿ ಭಾರ ಹೊರುವುದು ಆರ್‌ಸಿಸಿ ಫ್ರೇಮ್. ಅದರ ನಡುವೆ ಬ್ಲಾಕ್ ಗೋಡೆ. ಅದರ ಹೊರಗೆ ಮೂರ್ನಾಲ್ಕು ಸೆಂಟಿಮೀಟರ್ ಸಂದು ಬಿಟ್ಟು ಅರ್ಧ ಇಟ್ಟಿಗೆ ದಪ್ಪದ, ಅಂದರೆ ಸುಮಾರು 110 ಮಿಮೀನ ಒಂದು ಪದರ. ಈ ಹೊರಪದರ ಮನೆ ಹಾಕಿಕೊಂಡ ಅಂಗಿ ಇದ್ದ ಹಾಗೆ. ಅಂಗಿಗೂ ತೂಕ ಇದೆ, ಅದನ್ನೂ ಯಾರಾದರೂ ಹೊರಬೇಕು ಅನ್ನೋದು ಮರೆತುಹೋಗುತ್ತೆ.

ಮರೆಯೋದಕ್ಕೂ ಕಾರಣ ಇದೆ. ಆರ್ಕಿಟೆಕ್ಟ್ ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿಕೊಳ್ತಾರೆ ಅಂದ್ಕೋತಾರೆ. ಸ್ಟ್ರಕ್ಚರಲ್‌ನವರ ಮಾಡೆಲ್‌ನಲ್ಲಿ ಗೋಡೆ ಅಂದರೆ ಬೀಮ್ ಮೇಲೆ ಹಾಕಿದ ಒಂದು ಯುಡಿಎಲ್, ಅಷ್ಟೆ. ಹೊರಪದರ ಅವರ ಪಾಲಿಗೆ ಫಿನಿಶಿಂಗ್ ಐಟಂ. ಕಾಂಟ್ರಾಕ್ಟರ್ ಡ್ರಾಯಿಂಗ್ ತಿರುಗಿಸಿ ನೋಡುತ್ತಾರೆ, ಏನೂ ಇರಲ್ಲ. ಕೊನೆಗೆ ಇಟ್ಟಿಗೆ ಕಿಟಕಿ ಮಟ್ಟಕ್ಕೆ ಬಂದ ದಿನ ಮೇಸ್ತ್ರಿ ಕೈಗೆ ಸಿಕ್ಕ ಎರಡು ಸರಳು, ಒಂದು ಹಲಗೆ ಇಟ್ಟು ಮೇಲೆ ಕಟ್ಟಿಬಿಡ್ತಾರೆ. ಮೇಸ್ತ್ರಿಯನ್ನು ಬೈಯುವ ಹಾಗಿಲ್ಲ. ಡ್ರಾಯಿಂಗ್ ಸುಮ್ಮನಿದ್ದ ಕಡೆ ಅವರೇ ಡಿಸೈನರ್.

ಒಂದು ಲೆಕ್ಕ ಹಾಕೋಣ

ಕಿಟಕಿ 3 ಮೀಟರ್ ಅಗಲ. ಮೇಲೆ 1.2 ಮೀಟರ್ ಎತ್ತರದ ಇಟ್ಟಿಗೆ, ದಪ್ಪ 110 ಮಿಮೀ. ಇಟ್ಟಿಗೆ ಕಟ್ಟಡದ ತೂಕ ಘನ ಮೀಟರಿಗೆ 20 ಕಿಲೋನ್ಯೂಟನ್ ಅಂತ ಹಿಡಿದರೆ, ಪ್ರತಿ ಮೀಟರ್ ಉದ್ದಕ್ಕೆ 0.11 × 1.2 × 20, ಅಂದರೆ 2.64 ಕಿಲೋನ್ಯೂಟನ್. ಮೂರು ಮೀಟರಿಗೆ ಸುಮಾರು 8 ಕಿಲೋನ್ಯೂಟನ್, 800 ಕೆಜಿ. ಒಂದು ಸಣ್ಣ ಕಾರನ್ನು ಕಿಟಕಿ ಮೇಲೆ ನಿಲ್ಲಿಸಿದ ಹಾಗೆ. ಅದರ ಕೆಳಗೆ ಮಕ್ಕಳು ಆಡ್ತಿರ್ತಾರೆ.

ಲಿಂಟೆಲ್ ಪಾಠದಲ್ಲಿ ನೀವು ತ್ರಿಕೋನ ಓದಿರ್ತೀರಿ. ಗೋಡೆ ಸಾಕಷ್ಟು ಎತ್ತರ ಇದ್ದರೆ ಇಟ್ಟಿಗೆ ತಾನೇ ಒಳಗೊಳಗೆ ಕಮಾನಾಗುತ್ತೆ, ಲಿಂಟೆಲ್ ಮೇಲೆ ತ್ರಿಕೋನದಷ್ಟು ಭಾರ ಮಾತ್ರ ಬೀಳುತ್ತೆ ಅಂತ. ಇಲ್ಲಿ ಆ ರಿಯಾಯಿತಿ ಸಿಗಲ್ಲ. 3 ಮೀಟರ್ ತಳದ 60 ಡಿಗ್ರಿ ತ್ರಿಕೋನದ ತುದಿ 2.6 ಮೀಟರ್ ಎತ್ತರಕ್ಕೆ ಹೋಗುತ್ತೆ, ನಮ್ಮ ಗೋಡೆ ಇರೋದೇ 1.2. ಹಾಗಾಗಿ ಪೂರ್ತಿ ಭಾರ ತಗೊಳ್ಳಲೇಬೇಕು.

ಒಂದು ಸ್ಟೀಲ್ ಆಂಗಲ್ ಇಟ್ಟು ನೋಡೋಣ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 100 × 100 × 8. ಅದರ ಸೆಕ್ಷನ್ ಮಾಡ್ಯುಲಸ್ ಸುಮಾರು 20 ಘನ ಸೆಂಮೀ, ಮೊಮೆಂಟ್ ಆಫ್ ಇನರ್ಷಿಯಾ ಸುಮಾರು 145 ಸೆಂಮೀ ನಾಲ್ಕನೇ ಘಾತ. ಬೆಂಡಿಂಗ್ ಮೊಮೆಂಟ್ 2.64 × 9 ÷ 8, ಅಂದರೆ 2.97 ಕಿಲೋನ್ಯೂಟನ್ ಮೀಟರ್. ಸ್ಟ್ರೆಸ್ ಚದರ ಮಿಮೀಗೆ 148 ನ್ಯೂಟನ್. ಮೈಲ್ಡ್ ಸ್ಟೀಲಿಗೆ ಹಳೇ ವರ್ಕಿಂಗ್ ಸ್ಟ್ರೆಸ್ ಪದ್ಧತಿಯಲ್ಲಿ 165ರವರೆಗೆ ಬಿಡ್ತಾರೆ. ಆಂಗಲ್‌ನ ಸ್ವಂತ ತೂಕ ಸೇರಿಸಿದರೂ ಪಾಸು. ಬಹಳ ಜನ ಇಲ್ಲಿಗೇ ಪುಸ್ತಕ ಮುಚ್ಚಿಬಿಡ್ತಾರೆ.

ಈಗ ಡಿಫ್ಲೆಕ್ಷನ್ ನೋಡಿ. ನಮಗೆಲ್ಲ ಬಾಯಿಪಾಠ ಆಗಿರೋ 5 ಡಬ್ಲ್ಯೂ ಎಲ್ ನಾಲ್ಕನೇ ಘಾತ ಭಾಗಿಸು 384 ಇ ಐ. ಬರೋದು 9.6 ಮಿಮೀ. ಇಟ್ಟಿಗೆ ಹೊರುವ ಬೀಮಿಗೆ ಸಾಮಾನ್ಯವಾಗಿ ಹಾಕುವ ಮಿತಿ ಸ್ಪ್ಯಾನಿನ 600ರಲ್ಲಿ ಒಂದು ಭಾಗ, ಇಲ್ಲಿ 5 ಮಿಮೀ. ಅಂದರೆ ಆಂಗಲ್ ಮುರಿಯಲ್ಲ, ಬಾಗುತ್ತೆ. ಇಟ್ಟಿಗೆ ಬಾಗಲ್ಲ, ಬಿರುಕು ಬಿಡುತ್ತೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗೋ ಬಿರುಕನ್ನು ನೀವು ಎಷ್ಟೋ ಗೋಡೆಗಳಲ್ಲಿ ನೋಡಿರ್ತೀರಿ. ಆ ಬಿರುಕಿಗೆ ಇದೂ ಒಂದು ಮಾಮೂಲಿ ಕಾರಣ.

150 × 90 × 10 ಆಂಗಲ್ ತಗೊಂಡು, ಉದ್ದದ ಕಾಲನ್ನು ನೆಟ್ಟಗೆ ನಿಲ್ಲಿಸಿದರೆ ಇನರ್ಷಿಯಾ 533 ಆಗುತ್ತೆ. ಡಿಫ್ಲೆಕ್ಷನ್ 2.6 ಮಿಮೀಗೆ ಇಳೀತು. ಕಬ್ಬಿಣದ ತೂಕ ಏರಿದ್ದು ಒಂದೂವರೆ ಪಟ್ಟು, ಬಾಗು ಇಳಿದದ್ದು ಹತ್ತಿರ ಹತ್ತಿರ ಕಾಲು ಭಾಗಕ್ಕೆ. ಅದೇ 150 × 75 ತಂದರೆ ಸ್ವಲ್ಪ ದುಡ್ಡು ಉಳಿಯುತ್ತಲ್ಲ ಅಂತ ಯಾರಾದರೂ ಕೇಳೇ ಕೇಳ್ತಾರೆ. ನಿಂತ ಕಾಲಿನ ದಪ್ಪ 10 ಕಳೆದರೆ ಇಟ್ಟಿಗೆಗೆ ಕೂರಲು ಸಿಗೋದು 65 ಮಿಮೀ ಮಾತ್ರ. ಇಟ್ಟಿಗೆಯ ಅಗಲದ ಮೂರನೇ ಎರಡು ಭಾಗವಾದರೂ ಆಂಗಲ್ ಮೇಲೆ ಇರಬೇಕು; 110ಕ್ಕೆ ಅದು 73. ಹಾಗಾಗಿ 75ರ ಕಾಲು ಸಾಲದು, 90ರದ್ದೇ ಬೇಕು. ಎರಡೂ ತುದಿಯಲ್ಲಿ ಗೋಡೆ ಮೇಲೆ 150 ಮಿಮೀ ಆದರೂ ಕೂರಬೇಕು. ಕಟ್ಟುವಾಗ ಕೆಳಗೆ ಮಧ್ಯದಲ್ಲಿ ಮುಟ್ಟು ಕೊಟ್ಟು, ಗಾರೆ ಗಟ್ಟಿಯಾದ ಮೇಲೆ ತೆಗೆಯಬೇಕು. ಹಸಿ ಗಾರೆಗೆ ಬಾಗನ್ನು ತಡೆಯೋ ಶಕ್ತಿ ಇರಲ್ಲ.

ಕಾಂಕ್ರೀಟ್ ಲಿಂಟೆಲ್ಲೇ ಹಾಕಿ, ಅದರ ಮುಖಕ್ಕೆ ಇಟ್ಟಿಗೆಯ ತೆಳು ಹೋಳು ಅಂಟಿಸಬಾರದಾ? ಅಂಟಿಸಬಹುದು, ನಮ್ಮಲ್ಲಿ ಬಹಳ ಕಡೆ ಮಾಡೋದೂ ಅದನ್ನೇ. ನಿಂತ ಮುಖಕ್ಕೆ ಒಳ್ಳೆ ಟೈಲ್ ಅಂಟಿನಲ್ಲಿ ಅಂಟಿಸಿದರೆ ಪರವಾಗಿಲ್ಲ. ಆದರೆ ಲಿಂಟೆಲ್‌ನ ಕೆಳಮುಖಕ್ಕೂ, ತಲೆ ಮೇಲೆ ನೇತಾಡೋ ಹಾಗೆ, ಬರೀ ಅಂಟಿನ ಭರವಸೆ ಮೇಲೆ ಹೋಳು ಹಾಕೋದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕಾಂಕ್ರೀಟನ್ನು ಕಾಂಕ್ರೀಟಾಗಿಯೇ ತೋರಿಸಿದರೆ ಮನೆಯ ಅಂದ ಏನೂ ಕೆಡಲ್ಲ.

ಕಮಾನು ಕಟ್ಟಿದರೆ?

ಕಮಾನು ಇಟ್ಟಿಗೆಯ ಸ್ವಂತ ಉತ್ತರ. ಆದರೆ ಅದಕ್ಕೂ ಬೆಲೆ ಇದೆ. ಮೇಲಿನ ಅದೇ ಭಾರಕ್ಕೆ 300 ಮಿಮೀ ಎತ್ತರದ ತಟ್ಟನೆ ಕಮಾನು ಕಟ್ಟಿದರೆ, ಅದು ಎರಡು ಬದಿಗೂ ತಳ್ಳುವ ಬಲ 2.97 ÷ 0.3, ಅಂದರೆ ಹತ್ತಿರ ಹತ್ತಿರ 10 ಕಿಲೋನ್ಯೂಟನ್. ಪಕ್ಕದಲ್ಲಿ ಉದ್ದ ಗೋಡೆ ಇದ್ದರೆ ತಡ್ಕೊಳ್ಳುತ್ತೆ. ಆದರೆ ನಮ್ಮ ಮನೆಗಳಲ್ಲಿ ಕಿಟಕಿ ಮೂಲೆಗೇ ಬಂದು ನಿಂತಿರುತ್ತೆ, ತಳ್ಳಿಸಿಕೊಳ್ಳೋಕೆ ಆಚೆ ಕಡೆ ಯಾರೂ ಇಲ್ಲ.

ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ಇದಕ್ಕೆ ಕೊಟ್ಟ ಪರಿಹಾರವನ್ನು ಫೋಟೋದಲ್ಲಾದರೂ ಗಮನಿಸಿ. ತಟ್ಟನೆಯ ಇಟ್ಟಿಗೆ ಕಮಾನಿನ ಎರಡು ಪಾದಗಳನ್ನು ಸೇರಿಸಿ ಕೆಳಗೊಂದು ಕಾಂಕ್ರೀಟ್ ಪಟ್ಟಿ ಓಡುತ್ತೆ. ದೂರದಿಂದ ಅಲಂಕಾರ ಅನ್ನಿಸುತ್ತೆ. ನಿಜಕ್ಕೂ ಅದು ಬಿಲ್ಲಿನ ಹೆದೆ: ಕಮಾನು ಹೊರಕ್ಕೆ ತಳ್ಳುವುದನ್ನು ಒಳಗಿನ ಸರಳು ಎಳೆದು ಹಿಡಿಯುತ್ತೆ. ನಮ್ಮ 10 ಕಿಲೋನ್ಯೂಟನ್‌ಗೆ ಲೆಕ್ಕದ ಪ್ರಕಾರ ಒಂದೇ ಒಂದು 8 ಮಿಮೀ ಸರಳು ಸಾಕು. ಭಾರ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಮುಚ್ಚಿಡದೆ ಗೋಡೆಯ ಮೇಲೇ ಬರೆದ ಹಾಗಿದೆ. ಅದೇ ಕ್ಯಾಂಪಸ್ಸಿನ ಕಟ್ಟಡಗಳ ದುರಸ್ತಿ ವಿಚಾರದಲ್ಲಿ ದೊಡ್ಡ ತಲೆನೋವಾದದ್ದು ಇಟ್ಟಿಗೆ ಗೋಡೆಯೊಳಗಿನ ಕಬ್ಬಿಣದ ತುಕ್ಕು ಅನ್ನೋದೂ ನೆನಪಿರಲಿ. ಆ ಮಾತಿಗೆ ಆಮೇಲೆ ಬರ್ತೀನಿ.

ಮೂಲೆ ಕಿಟಕಿ: ಕೂರಿಸೋದಲ್ಲ, ನೇತುಹಾಕೋದು

ಮೂಲೆಯಲ್ಲಿ ಕಂಬವೇ ಇಲ್ಲದಿದ್ದರೆ ಲಿಂಟೆಲ್ ಆಂಗಲ್‌ಗೆ ಒಂದು ತುದಿಯಲ್ಲಿ ಕೂರಲು ಜಾಗವೇ ಇಲ್ಲ. ಆಗ ಇಟ್ಟಿಗೆಯನ್ನು ಮೇಲಿನ ಬೀಮಿನಿಂದ ಹಿಡಿದು ನಿಲ್ಲಿಸಬೇಕು. ಬೀಮನ್ನು ಕಿಟಕಿಯ ಮಟ್ಟದವರೆಗೆ ಕೆಳಗೆ ಇಳಿಸಿ, ಅದರ ಹೊರಮುಖಕ್ಕೆ ಆಂಗಲ್ ಬೋಲ್ಟ್ ಮಾಡಿ, ಮುಂದಕ್ಕೆ ಚಾಚಿದ ಕಾಲಿನ ಮೇಲೆ ಇಟ್ಟಿಗೆ. ಗೋಡೆಗೆ ಹೊಡೆದ ಶೆಲ್ಫ್ ಇದ್ದ ಹಾಗೆ, ಹೆಸರೂ ಶೆಲ್ಫ್ ಆಂಗಲ್. ಬ್ರಿಟನ್ನಿನಂಥ ಕಡೆ ಹೊರಗೋಡೆ ಎರಡು ಪದರದಲ್ಲಿ ಕಟ್ಟೋದೇ ವಾಡಿಕೆ. ಅಲ್ಲಿ ಇದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಬ್ರಾಕೆಟ್‌ಗಳು ರೆಡಿಯಾಗಿ ಸಿಗ್ತವೆ, ಮೇಲೆ ಕೆಳಗೆ ಜರುಗಿಸಿ ಮಟ್ಟ ಮಾಡೋ ವ್ಯವಸ್ಥೆ ಸಮೇತ. ನಮ್ಮಲ್ಲಿ ಹೆಚ್ಚಾಗಿ ಫ್ಯಾಬ್ರಿಕೇಟರ್ ಹತ್ತಿರ ಮಾಡಿಸಬೇಕು.

ಇಲ್ಲಿ ಕಣ್ಣಿಗೆ ಕಾಣದ ಒಂದು ವಿಷಯ ಇದೆ. ಬೀಮಿನ ಮುಖದಿಂದ ಸಂದು 40 ಮಿಮೀ, ಇಟ್ಟಿಗೆಯ ಮಧ್ಯ ಇನ್ನೂ 55 ಮುಂದೆ. ಭಾರ ಒಟ್ಟು 95 ಮಿಮೀ ಹೊರಗೆ ಕೂತಿದೆ. 600 ಮಿಮೀಗೊಂದು ಬೋಲ್ಟ್ ಹಾಕಿದರೆ ಒಂದೊಂದಕ್ಕೂ ಬರೋ ತೂಕ 1.58 ಕಿಲೋನ್ಯೂಟನ್. ಅದನ್ನು 95ರಿಂದ ಗುಣಿಸಿ, ಬೋಲ್ಟಿನಿಂದ ಆಂಗಲ್‌ನ ತಳಕ್ಕಿರುವ 75 ಮಿಮೀಯಿಂದ ಭಾಗಿಸಿ: 2 ಕಿಲೋನ್ಯೂಟನ್ ಬರುತ್ತೆ. ಇದು ಬೋಲ್ಟನ್ನು ಕಾಂಕ್ರೀಟಿನಿಂದ ಹೊರಕ್ಕೆ ಕೀಳೋ ಬಲ. ನೋಡಿ, ಕೆಳಕ್ಕೆ ಜಗ್ಗೋದಕ್ಕಿಂತ ಹೊರಕ್ಕೆ ಕೀಳೋದೇ ಜಾಸ್ತಿ. ಸಂದನ್ನು ಅಗಲ ಮಾಡಿದಷ್ಟೂ ಇದು ಏರುತ್ತೆ. ಸೈಟಿನಲ್ಲಿ ಬೀಮ್ ಒಂದಿಷ್ಟು ಒಳಗೆ ಸರಿದಿದ್ದರೆ, ಗೋಡೆಯನ್ನು ನೇರ ಮಾಡೋಕೆ ಸಂದು ಹಿಗ್ಗಿಸಿ, ಬೋಲ್ಟ್ ಮಾತ್ರ ಹಳೇದೇ ಇಡ್ತಾರೆ. ಹಾಗೆ ಮಾಡುವ ಮುಂಚೆ ಈ ಗುಣಾಕಾರ ಇನ್ನೊಮ್ಮೆ ಮಾಡಲೇಬೇಕು.

ಮತ್ತೆ ಆ ಬೋಲ್ಟ್ ಕೂರೋದು ಬೀಮಿನ ಅಂಚಿನ ಹತ್ತಿರ, ಸರಳುಗಳ ನಡುವೆ. ಆಮೇಲೆ ಡ್ರಿಲ್ ಮಾಡಿದರೆ ಸರಳಿಗೆ ತಾಗುತ್ತೆ, ಇಲ್ಲವೇ ಅಂಚಿನ ಕಾಂಕ್ರೀಟ್ ಕಿತ್ತು ಬರುತ್ತೆ. ಸರಿಯಾದ ದಾರಿ ಅಂದರೆ ಕಾಂಕ್ರೀಟ್ ಹಾಕುವ ಮುಂಚೆಯೇ ಸೆಂಟ್ರಿಂಗ್ ಒಳಗೆ ಪ್ಲೇಟನ್ನೋ ಚಾನೆಲ್ಲನ್ನೋ ಇಟ್ಟುಬಿಡೋದು. ಅಂದರೆ ಇಟ್ಟಿಗೆ ಲೋಡ್ ಸೈಟಿಗೆ ಬರುವ ತಿಂಗಳುಗಳ ಮೊದಲೇ ಈ ಡೀಟೇಲ್ ಕಾಗದದ ಮೇಲೆ ಇರಬೇಕು. ಆಮೇಲೆ ನೋಡ್ಕೊಳ್ಳೋಣ ಅನ್ನೋ ಮಾತು ಸ್ಲ್ಯಾಬ್ ಹಾಕಿದ ದಿನಕ್ಕೇ ಮುಗಿದುಹೋಗಿರುತ್ತೆ.

ಬೀಮೂ ಬಾಗುತ್ತಲ್ಲ. ಐಎಸ್ 456 ಪ್ರಕಾರ ಗೋಡೆ ಕಟ್ಟಿದ ಮೇಲಿನ ಡಿಫ್ಲೆಕ್ಷನ್ ಸ್ಪ್ಯಾನಿನ 350ರಲ್ಲಿ ಒಂದು ಭಾಗ ಅಥವಾ 20 ಮಿಮೀ, ಯಾವುದು ಕಡಿಮೆಯೋ ಅದನ್ನು ಮೀರಬಾರದು. 6 ಮೀಟರ್ ಬೀಮಿಗೆ ಅದು 17 ಮಿಮೀ. ಇಟ್ಟಿಗೆಗೆ 600ರ ಲೆಕ್ಕದಲ್ಲಿ ಬೇಕಾದದ್ದು 10. ಕೋಡ್ ಪಾಸು, ಗೋಡೆ ಫೇಲು. ಕ್ಯಾಂಟಿಲಿವರ್ ತುದಿಯಲ್ಲಿ ಇಟ್ಟಿಗೆ ಕೂರಿಸೋದಾದರೆ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಕ್ರೀಪ್‌ನಿಂದ ಅದು ವರ್ಷಗಟ್ಟಲೆ ನಿಧಾನಕ್ಕೆ ಇಳೀತಾನೇ ಇರುತ್ತೆ.

ಇಟ್ಟಿಗೆ ಬೆಳೆಯುತ್ತೆ, ಕಾಂಕ್ರೀಟ್ ಕುಗ್ಗುತ್ತೆ

ಗೂಡಿನಿಂದ ಬಂದ ಇಟ್ಟಿಗೆಯಲ್ಲಿ ತೇವ ಅನ್ನೋದೇ ಇರಲ್ಲ. ಡಬ್ಬಿಯಿಂದ ತೆಗೆದಿಟ್ಟ ಕರಿದ ಹಪ್ಪಳ ಮಳೆಗಾಲದಲ್ಲಿ ಗಾಳಿಯ ತೇವ ಹೀರಿಕೊಳ್ಳುತ್ತಲ್ಲ, ಹಾಗೆ ಇಟ್ಟಿಗೆಯೂ ಹೀರಿಕೊಂಡು ವರ್ಷಗಳ ಕಾಲ ಕೂದಲೆಳೆಯಷ್ಟು ಉಬ್ಬುತ್ತಾ ಹೋಗುತ್ತೆ. ಇದು ಒಣಗಿದರೆ ವಾಪಸ್ ಬರುವ ಉಬ್ಬಲ್ಲ. ಡಿಸೈನಿಗೆ ಹಿಡಿಯುವ ಒಂದು ಅಂಕಿ 0.0003. ಕಾಂಕ್ರೀಟ್ ಇದಕ್ಕೆ ಉಲ್ಟಾ: ಐಎಸ್ 456 ಕೊಡುವ ಒಟ್ಟು ಶ್ರಿಂಕೇಜ್ ಅಂದಾಜೂ 0.0003, ಆದರೆ ಕೆಳಮುಖವಾಗಿ. 3 ಮೀಟರ್ ಎತ್ತರದ ಒಂದು ಅಂತಸ್ತಿನಲ್ಲಿ ಇಟ್ಟಿಗೆ 0.9 ಮಿಮೀ ಮೇಲಕ್ಕೆ, ಫ್ರೇಮ್ 0.9 ಕೆಳಕ್ಕೆ. ಬಿಸಿಲಿಗೆ ಇಟ್ಟಿಗೆ ಹಿಗ್ಗುವ ಅರ್ಧ ಮಿಮೀ, ಕ್ರೀಪ್ ಎಲ್ಲ ಸೇರಿ ಎರಡೂವರೆ, ಮೂರು ಮಿಮೀ ಜಗಳ.

ಶೆಲ್ಫ್ ಆಂಗಲ್ ಕೆಳಗೆ ಗಾರೆ ತುಂಬಿ ಬಿಗಿ ಮಾಡಿಬಿಟ್ಟರೆ ಈ ಜಗಳಕ್ಕೆ ಜಾಗವೇ ಇಲ್ಲ. ಕೆಳಗಿನ ಇಟ್ಟಿಗೆ ಮೇಲಿನ ಆಂಗಲ್‌ಗೆ ಒತ್ತುತ್ತೆ, ಹೊರಬೇಕಾದದ್ದೇ ಹೊರೆಯಾಗುತ್ತೆ, ಪದರ ಹೊರಕ್ಕೆ ಉಬ್ಬುತ್ತೆ. ಅದಕ್ಕೇ ಆಂಗಲ್ ಕೆಳಗೆ 10 ಮಿಮೀ ಜಾಗ ಬಿಟ್ಟು, ಮೆತ್ತನೆ ಫಿಲ್ಲರ್ ಇಟ್ಟು, ಮುಖಕ್ಕೆ ಸೀಲೆಂಟ್ ಹಾಕೋದು. ಆಂಗಲ್ ದಪ್ಪ ಸೇರಿ ಅಲ್ಲೊಂದು 20 ಮಿಮೀ ಗೆರೆ ಕಾಣುತ್ತೆ. ಉಳಿದ ಸಂದುಗಳೆಲ್ಲ 10. ಆರ್ಕಿಟೆಕ್ಟ್‌ಗಳಿಗೆ ಇದು ಕಣ್ಣಲ್ಲಿ ಕಸ ಬಿದ್ದ ಹಾಗೆ. ಇಟ್ಟಿಗೆಯ ಕೆಳ ಅಂಚನ್ನು ಸ್ವಲ್ಪ ಕೊರೆದು, ತುಟಿ ಹಾಗೆ ಆಂಗಲ್ ಮುಂದೆ ಇಳಿಬಿಟ್ಟರೆ ಗೆರೆ ಸಣ್ಣದಾಗುತ್ತೆ. ಗೆರೆಯನ್ನು ಪೂರ್ತಿ ಅಳಿಸಿಬಿಡಿ ಅಂದರೆ ಮಾತ್ರ ಒಪ್ಪಬೇಡಿ.

ಅಡ್ಡಡ್ಡ ಲೆಕ್ಕವೂ ಹೀಗೇ. 10 ಮೀಟರ್ ಉದ್ದದ ಗೋಡೆ ತೇವಕ್ಕೆ 3 ಮಿಮೀ, 30 ಡಿಗ್ರಿ ಬಿಸಿಗೆ ಇನ್ನೂ ಹತ್ತಿರ ಹತ್ತಿರ 2 ಮಿಮೀ ಉದ್ದವಾಗುತ್ತೆ. ಸೀಲೆಂಟ್ ತನ್ನ ಅಗಲದ ಅರ್ಧದಷ್ಟು ಒತ್ತಿಸಿಕೊಳ್ಳಬಲ್ಲದಾದರೆ 10 ಮಿಮೀನ ಒಂದು ಲಂಬ ಸಂದು ಬೇಕು. ಮೂಲೆಯ ಹತ್ತಿರ ಬಿಟ್ಟರೆ ಒಳ್ಳೇದು, ಎರಡು ಗೋಡೆಯ ಹಿಗ್ಗು ಬಂದು ಸೇರೋದು ಅಲ್ಲೇ. ಸಿಮೆಂಟ್ ಬ್ಲಾಕಿನ ಗೋಡೆಗೆ ಈ ಅಂಕಿ ಹಾಕಬೇಡಿ. ಅದು ಬೆಳೆಯಲ್ಲ, ಕಾಂಕ್ರೀಟಿನ ಹಾಗೆ ಕುಗ್ಗುತ್ತೆ. ಸಂದುಗಳು ಇನ್ನೂ ಹತ್ತಿರ ಹತ್ತಿರ, ಸುಮಾರು 6 ಮೀಟರಿಗೆ ಒಂದರಂತೆ ಬೇಕಾಗುತ್ತವೆ. ಒಳಗೆ ಬ್ಲಾಕ್, ಹೊರಗೆ ಇಟ್ಟಿಗೆ ಇದ್ದಾಗ ಎರಡನ್ನೂ ಗಾರೆಯಿಂದ ಅಂಟಿಸಿಬಿಡಬಾರದು ಅನ್ನೋದಕ್ಕೆ ಕಾರಣವೂ ಇದೇ. ಬದಲಿಗೆ ಸ್ಟೇನ್‌ಲೆಸ್ ತಂತಿಯ ಟೈ ಹಾಕ್ತಾರೆ. ಬ್ರಿಟಿಷ್ ಪದ್ಧತಿಯಲ್ಲಿ ಅಡ್ಡಕ್ಕೆ 900, ಎತ್ತರಕ್ಕೆ 450 ಮಿಮೀಗೊಂದು, ಅಂದರೆ ಚದರ ಮೀಟರಿಗೆ ಎರಡೂವರೆ. ಕಿಟಕಿಯ ಪಕ್ಕದಲ್ಲಿ ಇನ್ನೂ ಒತ್ತಾಗಿ. ಆಂಗಲ್ ತೂಕ ಹೊತ್ತರೆ, ಗಾಳಿಗೆ ಮತ್ತು ಭೂಕಂಪಕ್ಕೆ ಪದರ ಹೊರಕ್ಕೆ ಬಾಗದಂತೆ ಹಿಡಿಯೋದು ಈ ಟೈ.

ಅಳತೆಯ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. 75 ಎತ್ತರದ ಇಟ್ಟಿಗೆ, 10 ಸಂದು, ವರಸೆಗೆ 85. ಲಿಂಟೆಲ್ ಮಟ್ಟ ಅಂತ ಎಲ್ಲರೂ ಕಣ್ಣುಮುಚ್ಚಿ ಬರೆಯೋದು 2100. 85ರಿಂದ ಭಾಗಿಸಿ ನೋಡಿ, 24.7 ವರಸೆ! ಆ 0.7 ಅನ್ನು ಮೇಸ್ತ್ರಿ ಎಲ್ಲಿಂದ ತರಬೇಕು? ಕೊನೆಯ ವರಸೆ ಕತ್ತರಿಸಬೇಕು, ಇಲ್ಲ ಎಲ್ಲ ಸಂದೂ ಹಿಗ್ಗಿಸಬೇಕು. 2125 ಅಂತ ಬರೆದಿದ್ದರೆ ಸರಿಯಾಗಿ 25. ಇನ್ನು 90 ಎತ್ತರದ ಮಾಡ್ಯುಲರ್ ಇಟ್ಟಿಗೆಯಾದರೆ 2100ಕ್ಕೆ 21 ವರಸೆ ತಾನಾಗೇ ಕೂರುತ್ತೆ. ಪ್ಲಾಸ್ಟರ್ ಗೋಡೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತೆ, ಇಲ್ಲಿ ಮುಚ್ಚೋಕೆ ಏನೂ ಇಲ್ಲ.

ನೀರು ಮತ್ತು ತುಕ್ಕು

ಅರ್ಧ ಇಟ್ಟಿಗೆ ದಪ್ಪದ ಪದರ ಜೋರು ಮಳೆಗೆ ನೀರು ಬಿಡೋದು ಸಹಜ. ಹಿಂದೆ ಸಂದು ಬಿಟ್ಟಿರೋದೇ ಆ ನೀರು ಒಳಗೋಡೆಗೆ ಹೋಗದೆ ಕೆಳಕ್ಕೆ ಇಳಿಯಲಿ ಅಂತ. ಇಳಿದ ನೀರು ಎಲ್ಲಿ ಬಂದು ನಿಲ್ಲುತ್ತೆ? ನಾವು ಕಷ್ಟಪಟ್ಟು ಇಟ್ಟ ಆಂಗಲ್ ಮೇಲೆಯೇ. ಅಲ್ಲೇ ನಿಂತರೆ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತೆ. 1 ಮಿಮೀ ಕಬ್ಬಿಣ ತಿಂದುಹೋದರೆ ಅಲ್ಲಿ ಹುಟ್ಟೋ ತುಕ್ಕು ಮೇಲಿನ ಇಡೀ ಗೋಡೆಯನ್ನು ಎತ್ತುತ್ತೆ. ಐಐಎಂ ಮಾತಲ್ಲಿ ಬಂದ ತಲೆನೋವು ಇದೇ ಜಾತಿಯದು. ಇಟ್ಟಿಗೆ ಸಂದಿನ ಗಾರೆ ಕಾಂಕ್ರೀಟಿನಷ್ಟು ದಟ್ಟ ಅಲ್ಲ, ಒಳಗಿನ ಸರಳನ್ನು ಅಷ್ಟು ಕಾಲ ಕಾಪಾಡಲ್ಲ. ಮೇಸ್ತ್ರಿ ಇಡೋ ಆ ಎರಡು ಸರಳು ಇವತ್ತು ಭಾರ ಹೊರಬಹುದು, ಅಪಾಯ ಇರೋದು ಇಪ್ಪತ್ತು ವರ್ಷದ ಆಚೆ.

ಒಳನಾಡಿನಲ್ಲಿ ಗ್ಯಾಲ್ವನೈಸ್ ಮಾಡಿಸಿದ ಆಂಗಲ್ ಹಾಕೋರು ಇದ್ದಾರೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಮಾತ್ರ 316 ದರ್ಜೆಯ ಸ್ಟೇನ್‌ಲೆಸ್ಸೇ ಬೇಕು ಅನ್ನೋದು ನನ್ನ ಅಭಿಪ್ರಾಯ. ದುಬಾರಿ, ನಿಜ. ಆದರೆ ಇಟ್ಟಿಗೆ ಬಿಚ್ಚದೆ ಮತ್ತೆ ಪೇಂಟ್ ಹೊಡೆಯಲಾಗದ ಜಾಗ ಅದು. ಬೋಲ್ಟ್ ಮಾತ್ರ ಮಾಮೂಲಿ ಕಬ್ಬಿಣದ್ದು ಹಾಕಿ ಉಳಿತಾಯ ಮಾಡೋದು ಬೇಡ. ಸ್ಟೇನ್‌ಲೆಸ್ ಪಕ್ಕ ಕೂತು ನೆನೆದರೆ ಆ ಬೋಲ್ಟ್ ಇನ್ನೂ ಬೇಗ ಸವೆಯುತ್ತೆ.

ಆಂಗಲ್ ಮೇಲೆ ಒಂದು ಫ್ಲಾಶಿಂಗ್ ಹಾಳೆ, ಒಳಗೋಡೆಯಲ್ಲಿ ಮೇಲಿಂದ ಹೊರಟು ಇಳಿಜಾರಾಗಿ ಇಟ್ಟಿಗೆ ಮುಖದಿಂದ ಸ್ವಲ್ಪ ಹೊರಗೆ ಇಣುಕುವಂತೆ. ಕಿಟಕಿಯ ಎರಡೂ ತುದಿಯಲ್ಲಿ ಹಾಳೆಯನ್ನು ಮೇಲಕ್ಕೆ ಮಡಚಬೇಕು, ಇಲ್ಲದಿದ್ದರೆ ನೀರು ಪಕ್ಕಕ್ಕೆ ಹರಿದು ಕಿಟಕಿ ಚೌಕಟ್ಟಿನ ಹಿಂದೆ ಇಳಿಯುತ್ತೆ. ಅದರ ಮೇಲಿನ ಮೊದಲ ವರಸೆಯಲ್ಲಿ 600 ಮಿಮೀಗೊಂದು ಲಂಬ ಸಂದನ್ನು ಗಾರೆ ಹಾಕದೆ ಖಾಲಿ ಬಿಡಬೇಕು, ನೀರು ಹೊರಗೆ ಬರೋಕೆ. ಕೆಲಸದವರಿಗೆ ಇದು ವಿಚಿತ್ರ ಅನ್ನಿಸುತ್ತೆ. ಪಾಯಿಂಟಿಂಗ್ ಮಾಡಲು ಬಂದವರು ಅಯ್ಯೋ ಇಲ್ಲಿ ಬಿಟ್ಟುಹೋಗಿದೆ ಅಂತ ಅಚ್ಚುಕಟ್ಟಾಗಿ ಮುಚ್ಚಿಬಿಡ್ತಾರೆ. ಮುಚ್ಚದಿದ್ದರೂ, ಮೇಲೆ ಕಟ್ಟುವಾಗ ಕರಣೆಯಿಂದ ಬಿದ್ದ ಗಾರೆ ಸಂದಿನೊಳಗೆ ಗುಡ್ಡೆಯಾಗಿ ರಂಧ್ರ ಕಟ್ಟಿಹೋಗುತ್ತೆ. ನಾಲ್ಕು ವರಸೆ ಮೇಲೆದ್ದ ಕೂಡಲೇ ಅವತ್ತು ಸಂಜೆಯೇ ಸಂದಿಗೆ ಒಂದು ಚೊಂಬು ನೀರು ಸುರಿದು, ಕೆಳಗೆ ನಿಂತು ನೋಡಿ. ಪ್ರತಿ ರಂಧ್ರದಿಂದಲೂ ನೀರು ಬರಬೇಕು. ಒಂದರಲ್ಲಿ ಬರದಿದ್ದರೂ ಗಾರೆ ಇನ್ನೂ ಹಸಿ ಇರುವಾಗಲೇ ಕೆರೆದು ತೆಗೆಸಿ.